ಅಗ್ಗದ ಟೆಲಿ ಲೆನ್ಸೂ ನಾನ್ನಜದ ಬಯಲೂ

ಸೊಲ್ಲಾಪುರದಿಂದ ಬಾರ್ಶಿಯ ದಾರಿ ಹಿಡಿದು ಇಪ್ಪತ್ತು ಕಿಲೋಮೀಟರುಗಳಷ್ಟು ಸಾಗಿದರೆ ನಾನ್ನಜ ಎಂಬ ಊರು ಸಿಗುತ್ತದೆ. ಅದರ ಆಸುಪಾಸಿನಲ್ಲಿ ಮರಗಳು ವಿರಳ. ಕಣ್ಣು ಹಾಯುವವರೆಗೂ ಹುಲ್ಲುಗಾವಲು, ನಡುನಡುವೆ ಜೋಳದ ಹೊಲಗಳು. ಹೊರಗಿನಿಂದ ಬಂದವರಿಗೆ ಅಲ್ಲಿ ನೋಡತಕ್ಕದ್ದೇನೂ ತೋರದು. ಆದರೆ ಕನ್ನಡದಲ್ಲಿ ಎರೆಭೂತವೆಂದೂ ಮರಾಠಿಯಲ್ಲಿ ಮಾಳಢೋಕವೆಂದೂ ಕರೆಯಲಾಗುವ ಮಹಾಪಕ್ಷಿಯೊಂದರ ಸಲುವಾಗಿ ೧೯೭೯ರಲ್ಲಿ ಈ ಸೀಮೆಯನ್ನು ಅಭಯಾರಣ್ಯವೆಂದು ಸಾರಲಾಯಿತು. ರಾಷ್ಟ್ರಪಕ್ಷಿಯ ಆಯ್ಕೆಯ ಪ್ರಶ್ನೆ ಬಂದಾಗ ಸಲೀಂ ಅಲಿಯವರು ಇದೇ ಹಕ್ಕಿಯ ಪಕ್ಷ ವಹಿಸಿದ್ದರು. ೧೯೬೩ರಲ್ಲಿ ಆ ಗೌರವ ನವಿಲಿಗೆ ಸಂದಿತು. ೨೦೧೧ರಲ್ಲಿ ಎರೆಭೂತವು ಅಳಿವಿನ ಕಟ್ಟಕಡೆಯ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿತು.

ನಾವು ಚಿಕ್ಕವರಿದ್ದಾಗ ಒಮ್ಮೆ ತಂದೆಯವರ ಜೊತೆ ಚಕ್ಕಡಿಯಲ್ಲಿ ಆ ದಾರಿಯಿಂದ ಬರುತ್ತಿರುವಾಗ ಅವರು ಎತ್ತುಗಳನ್ನು ತಟ್ಟನೆ ನಿಲ್ಲಿಸಿ, "ಅಲ್ನೋಡೋ, ಆಳು ನಿಂತಂಗ ನಿಂತೈತಿ" ಎಂದು ಬೆರಳು ಮಾಡಿ ತೋರಿಸಿದ್ದು ನೆನಪಿದೆ. ಹುಲ್ಲಿನ ಮೇಲೆ ಬಿಳಿಯ ಕತ್ತು, ಕರಿಯ ನೆತ್ತಿ, ಇಷ್ಟೇ ಕಂಡದ್ದು. ತಂದೆಯವರು ತೀರಿಕೊಂಡ ಮೇಲೆ ಆ ಹಕ್ಕಿಯ ಒಂದು ಚಿತ್ರವನ್ನಾದರೂ ನಮ್ಮ ಕೈಯಿಂದಲೇ ತೆಗೆದು ಮನೆಯ ಗೋಡೆಗೆ ಹಾಕಬೇಕೆಂಬ ಹಂಬಲ ಹುಟ್ಟಿತು. ಹಂಬಲಕ್ಕೆ ಖರ್ಚಿಲ್ಲ, ಖರ್ಚೆಲ್ಲ ಲೆನ್ಸಿಗೆ.

ಇಷ್ಟು ಪೀಠಿಕೆ ಹಾಕಿದ್ದು ಏಕೆಂದರೆ, ನಮ್ಮಂತೆಯೇ ಮಿತವಾದ ವರಮಾನದಲ್ಲಿ ದೂರದ ಹಕ್ಕಿಯನ್ನೋ ಚಿಗರಿಯನ್ನೋ ಸಮೀಪಕ್ಕೆ ತಂದುಕೊಳ್ಳಬೇಕೆಂಬ ಆಸೆಯುಳ್ಳ ಓದುಗರು ಈ ಪತ್ರಿಕೆಗೆ ಹಲವರಿದ್ದಾರೆ. ಅವರಿಗೆ ನಮ್ಮ ಪಾಡು ಉಪಯೋಗಕ್ಕೆ ಬಂದೀತು.

ಮೊದಲು ಸ್ವಲ್ಪ ಲೆಕ್ಕ. ಮಸೂರವು ದೂರದ ಬೆಳಕನ್ನು ಒಂದೆಡೆ ಕೂಡಿಸುವ ಅಂತರಕ್ಕೆ ಸಂಗಮ ದೂರವೆಂದು ಹೆಸರು. ಸಾಮಾನ್ಯ ಕ್ಯಾಮೆರಾಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಲೆನ್ಸಿಗೆ ಅದು ೫೦ ಮಿಲಿಮೀಟರು. ಒಂದು ಮೀಟರು ಎತ್ತರದ ಹಕ್ಕಿ ನೂರು ಮೀಟರು ದೂರದಲ್ಲಿ ನಿಂತಿದ್ದರೆ ಅಂಥ ಲೆನ್ಸು ಮೂಡಿಸುವ ಬಿಂಬದ ಎತ್ತರ ಅರ್ಧ ಮಿಲಿಮೀಟರು. ಸಾಸಿವೆ ಕಾಳಿಗಿಂತಲೂ ಸಣ್ಣದು. ಅದೇ ೫೦೦ ಮಿಲಿಮೀಟರಿನ ಲೆನ್ಸಾದರೆ ೫ ಮಿಲಿಮೀಟರು. ನಮ್ಮಲ್ಲಿದ್ದ ಕ್ಯಾಮೆರಾದ ಸೆನ್ಸರಿನ ಎತ್ತರ ಹದಿನೈದೂವರೆ ಮಿಲಿಮೀಟರಿನಷ್ಟು. ಅಂದರೆ ಹಕ್ಕಿಯು ಚಿತ್ರದ ಮೂರರಲ್ಲೊಂದು ಪಾಲನ್ನು ತುಂಬುತ್ತದೆ. ಒಂದು ಗೇಣಿಗಿಂತ ಕಡಿಮೆ ಉದ್ದದ ಹಕ್ಕಿಗಳನ್ನು ತೆಗೆಯುವುದಾದರೆ ಹದಿನೈದು ಮೀಟರಿನೊಳಗೆ ಹೋಗಲೇಬೇಕು. ಲೆನ್ಸು ಎಷ್ಟು ಉದ್ದವಿದ್ದರೂ ಕಾಲ್ನಡಿಗೆ ತಪ್ಪುವುದಿಲ್ಲ.

ತಾನೇ ಫೋಕಸ್ ಮಾಡಿಕೊಳ್ಳುವ, ಬೆಳಕನ್ನು ಧಾರಾಳವಾಗಿ ಒಳಬಿಡುವ ಉದ್ದ ಲೆನ್ಸುಗಳ ಬೆಲೆ ಲಕ್ಷಗಳಲ್ಲಿ. ಅವುಗಳಲ್ಲಿ ಅತಿ ಶ್ರೇಷ್ಠವಾದವು ಹತ್ತು ಲಕ್ಷವನ್ನೂ ಮೀರುತ್ತವೆ. ನಮ್ಮಂಥವರಿಗೆ ಉಳಿಯುವ ದಾರಿ ಕೈಯಿಂದ ಉಂಗುರ ತಿರುಗಿಸಿ ಫೋಕಸ್ ಮಾಡುವ ಲೆನ್ಸುಗಳದು. ಇದರಲ್ಲಿ ಅವಮಾನವೇನೂ ಇಲ್ಲ. ತಾನೇ ಫೋಕಸ್ ಮಾಡಿಕೊಳ್ಳುವ ಕ್ಯಾಮೆರಾಗಳು ಬಳಕೆಗೆ ಬಂದದ್ದು ೧೯೮೫ರಲ್ಲಿ ಮಿನೋಲ್ಟಾ ಕಂಪನಿಯ ೭೦೦೦ ಎಂಬ ಮಾದರಿ ಹೊರಬಿದ್ದ ಮೇಲೆ. ಅದಕ್ಕೆ ಮುಂಚೆ ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ತೆಗೆದ ವನ್ಯಜೀವಿಗಳ ಚಿತ್ರಗಳಿಗೆ ಅವರ ಕಣ್ಣು ಬೆರಳುಗಳೇ ಆಧಾರವಾಗಿದ್ದವು.

ಇಷ್ಟೆಲ್ಲ ತಿಳಿದೂ ೨೦೧೪ರಲ್ಲಿ ನಾವು ಮೋಸ ಹೋದೆವು. ಹೊಚ್ಚಹೊಸದು, ಉದ್ದವಾದುದು, ೪೨೦ರಿಂದ ೮೦೦ ಮಿಲಿಮೀಟರಿನವರೆಗೆ ಹಿಗ್ಗುವಂಥದು, ಬೆಲೆ ಮಾತ್ರ ೮,೫೦೦ ರೂಪಾಯಿ! ಸಂಖ್ಯೆ ದೊಡ್ಡದಾದಷ್ಟೂ ವಸ್ತು ದೊಡ್ಡದೆಂಬ ಭ್ರಮೆ ಯಾರನ್ನು ಬಿಟ್ಟಿದೆ? ಪೆಟ್ಟಿಗೆ ಬಿಚ್ಚಿದ ದಿನ ನಮ್ಮ ಮನೆಯವರು ಆ ಕೊಳವೆಯನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿ, "ಅಲ್ರೀ, ತೊಲಿ ಬಂಗಾರದ ಮಾತು ತಗದ್ರ ಮುಂದಿನ ವರ್ಷ ಅಂತೀರಿ, ಈ ಕೊಳವಿಗೆ ರೊಕ್ಕ ಎಲ್ಲಿಂದ ಬಂತು?" ಎಂದು ಕೇಳಿದರು. ಉತ್ತರ ನಮ್ಮಲ್ಲಿರಲಿಲ್ಲ.

ಇಂಥ ಲೆನ್ಸುಗಳ ಮೈಮೇಲೆ ಹೆಸರುಗಳು ಬೇರೆಬೇರೆ ಇದ್ದರೂ ಒಳಗಿನ ವಸ್ತು ಬಹಳಮಟ್ಟಿಗೆ ಒಂದೇ. ೪೨೦ರ ತುದಿಯಲ್ಲಿ ಇದರ ಬೆಳಕಿನ ಬಾಗಿಲು ಎಫ್/೮.೩; ೮೦೦ರ ತುದಿಗೆ ಹೋಗುವಷ್ಟರಲ್ಲಿ ಎಫ್/೧೬. ಈ ಎಫ್ ಸಂಖ್ಯೆ ಹಿರಿದಾದಷ್ಟೂ ಬಾಗಿಲು ಕಿರಿದು: ಎಂಟಕ್ಕೆ ಹೋಲಿಸಿದರೆ ಹದಿನಾರರಲ್ಲಿ ಬರುವ ಬೆಳಕು ಕೇವಲ ಕಾಲುಭಾಗ. ಕಡುಬಿಸಿಲಿನಲ್ಲಿಯೂ ಚಿತ್ರ ಮಂಕು. ಕಪ್ಪು ಕೊಂಬಿನ ಸುತ್ತ ನೇರಳೆ ಬಣ್ಣದ ಅಂಚು. ಚಿಗರಿಯ ಕಣ್ಣು ಎಲ್ಲಿದೆಯೆಂದು ಊಹಿಸಬೇಕು. ಜೊತೆಗೆ ಆ ಉದ್ದ ಕೊಳವೆಯನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿಕೊಂಡು ಹೊಲದ ಬದುವಿನಲ್ಲಿ ನಿಂತರೆ, ರೈತರು ಓಡಿಬಂದು "ಹೈವೇಕ್ಕ ಸರ್ವೇ ಏನ್ರೀ ಸಾಹೇಬ್ರ?" ಎಂದು ಆತಂಕದಿಂದ ಕೇಳುವರು. ನೆಲ ಹೋದೀತೆಂಬ ಭಯ ಅವರಿಗೆ. ಚಿತ್ರ ಹೋದೀತೆಂಬ ಚಿಂತೆ ನಮಗೆ. ಒಂದು ವರ್ಷದೊಳಗೆ ಅದನ್ನು ಅರ್ಧಬೆಲೆಗೆ ಮಾರಿದೆವು. ಕೊಂಡವನಿಗೆ ದೋಷಗಳನ್ನೆಲ್ಲ ಹೇಳಿಯೇ ಕೊಟ್ಟೆವು. ಅವನಿಗೂ ಆ ೮೦೦ರ ಸಂಖ್ಯೆಯೇ ಬೇಕಾಗಿತ್ತು.

ಎರಡನೆಯ ಸಲ ಅವಸರ ಮಾಡಲಿಲ್ಲ. ಪುಣೆಯಲ್ಲಿ ಹಳೆಯ ಕ್ಯಾಮೆರಾಗಳ ಅಂಗಡಿಯೊಂದಕ್ಕೆ ನಮ್ಮ ಕ್ಯಾಮೆರಾವನ್ನೇ ಒಯ್ದು ಅರ್ಧ ದಿನ ಕುಳಿತೆವು. ಅಲ್ಲಿ ದೊರೆತದ್ದು ಟ್ಯಾಮ್ರಾನ್ ಕಂಪನಿಯ ೫೦೦ ಮಿಲಿಮೀಟರಿನ ಎಫ್/೮ ಕನ್ನಡಿ ಲೆನ್ಸು. ೧೯೭೯ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ತೂಕ ಸುಮಾರು ೬೦೦ ಗ್ರಾಂ. ಗಾತ್ರದಲ್ಲಿ ಒಂದು ಗಿಡ್ಡ ಚರಿಗೆ. ೧೧,೦೦೦ ರೂಪಾಯಿಗೆ ಮಾತು ಮುಗಿಯಿತು.

ಅರ್ಧ ಮೀಟರಿನ ಸಂಗಮ ದೂರ ಒಂದು ಚರಿಗೆಯಲ್ಲಿ ಅಡಗುವುದು ಹೇಗೆಂದು ಓದುಗರು ಕೇಳಬಹುದು. ಬೆಳಕನ್ನು ಮಡಚಿಡುವುದರಿಂದ. ಮುಂಭಾಗದ ಗಾಜಿನ ಮೂಲಕ ಒಳಬಂದ ಬೆಳಕು ಹಿಂಭಾಗದ ನಿಮ್ನ ದರ್ಪಣಕ್ಕೆ ತಾಗಿ ಮುಂದಕ್ಕೆ ಮರಳುತ್ತದೆ. ಅಲ್ಲಿ ನಟ್ಟನಡುವೆ ಕೂಡಿಸಿದ ಸಣ್ಣ ಕನ್ನಡಿಗೆ ತಾಗಿ ಮತ್ತೆ ಹಿಂದಕ್ಕೆ ಹೊರಟು, ದೊಡ್ಡ ಕನ್ನಡಿಯ ಮಧ್ಯದ ರಂಧ್ರದಿಂದ ಹಾಯ್ದು ಕ್ಯಾಮೆರಾ ಸೇರುತ್ತದೆ. ಕನ್ನಡಿಯು ಗಾಜಿನಂತೆ ಬಣ್ಣಗಳನ್ನು ಬೇರ್ಪಡಿಸುವುದಿಲ್ಲವಾದ್ದರಿಂದ ನೇರಳೆ ಅಂಚಿನ ಕಾಟ ಬಹುತೇಕ ಇಲ್ಲ. ಈ ಬಗೆಯ ದೂರದರ್ಶಕದ ಒಂದು ಸೊಗಸಾದ ರೂಪವನ್ನು ರಷ್ಯದ ದ್ಮಿತ್ರಿ ಮಕ್ಸುತೋವ್ ೧೯೪೧ರಲ್ಲಿ, ಯುದ್ಧದ ನಡುವೆ ಲೆನಿನ್‌ಗ್ರಾಡಿನಿಂದ ಸ್ಥಳಾಂತರಗೊಳ್ಳುತ್ತಿದ್ದ ಕಾಲದಲ್ಲಿ, ಕಲ್ಪಿಸಿದರು. ಆ ತತ್ತ್ವದ ಮೇಲೆ ತಯಾರಾದ ಎಂಟಿಓ ಎಂಬ ಸೋವಿಯತ್ ಲೆನ್ಸುಗಳು ೧೯೫೮ರ ಬ್ರಸೆಲ್ಸ್ ವಿಶ್ವ ಪ್ರದರ್ಶನದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆದವು. ಇವು ಇಂದಿಗೂ ಹಳೆಯ ಸರಕಿನ ಅಂಗಡಿಗಳಲ್ಲಿ ಸಿಗುವುದುಂಟು; ಆದರೆ ಭಾರ.

ಕನ್ನಡಿ ಲೆನ್ಸಿಗೆ ಎರಡು ವಿಚಿತ್ರ ಗುಣಗಳಿವೆ. ಬೆಳಕಿನ ಬಾಗಿಲನ್ನು ಕಿರಿದು ಮಾಡುವ ಏರ್ಪಾಡು ಸಾಮಾನ್ಯವಾಗಿ ಇದಕ್ಕಿರುವುದಿಲ್ಲ. ಎಫ್/೮ ಎಂದರೆ ಎಂಟೇ. ನಡುವಿನ ಸಣ್ಣ ಕನ್ನಡಿ ಒಂದಿಷ್ಟು ಬೆಳಕನ್ನು ತಡೆಯುವುದರಿಂದ ನಿಜವಾಗಿ ಎಂಟಕ್ಕಿಂತಲೂ ಒಂದು ಕೈ ಕಡಿಮೆಯೇ. ಎರಡನೆಯದು, ಫೋಕಸ್ಸಿಗೆ ಸಿಗದ ಹಿನ್ನೆಲೆಯ ಹೊಳಪುಗಳೆಲ್ಲ ಉದ್ದಿನ ವಡೆಯಂತೆ ನಡುವೆ ತೂತಿರುವ ಬಳೆಗಳಾಗಿ ಮೂಡುತ್ತವೆ. ನೀರಿನ ಮೇಲಿನ ಬಿಸಿಲು ಹೀಗೆ ನೂರಾರು ಬಳೆಗಳಾದಾಗ ಕೆಲವರಿಗೆ ಆನಂದ, ಹಲವರಿಗೆ ತಲೆಶೂಲೆ. ಉಜನಿ ಜಲಾಶಯದ ರಾಜಹಂಸಗಳನ್ನು ತೆಗೆದಾಗ ನಮ್ಮ ಮನೆಯವರು, "ಹಕ್ಕಿ ಯಾವುದು, ವಡಿ ಯಾವುದು?" ಎಂದದ್ದುಂಟು.

ಹಳೆಯ ಲೆನ್ಸು ಕೊಳ್ಳುವವರು ಒಂದು ಸಣ್ಣ ಬ್ಯಾಟರಿ ಒಯ್ಯಬೇಕು. ಲೆನ್ಸಿನ ಒಂದು ಬದಿಯಿಂದ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿದರೆ ಒಳಗಿನ ಬೂಷ್ಟು ಜೇಡರಬಲೆಯ ಎಳೆಗಳಂತೆ ಕಾಣುತ್ತದೆ. ನಾಲ್ಕು ಧೂಳಿನ ಕಣಗಳಿಂದ ಬಾಧಕವಿಲ್ಲ. ಬೂಷ್ಟನ್ನು ಮಾತ್ರ ಮನೆಗೆ ತರಬಾರದು. ಕಾಸರಗೋಡು, ವಯನಾಡು, ನೀಲಗಿರಿಯ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿಯ ಮಳೆಗಾಲದಲ್ಲಿ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟು ಬಹುಬೇಗ ಹತ್ತುತ್ತದೆ. ಗಾಳಿಯಾಡದ ಡಬ್ಬಿ, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ, ಇಷ್ಟಿದ್ದರೆ ಸಾಕು. ಕನ್ನಡಿಯ ಮೇಲಿನ ಲೇಪ ಎಲ್ಲಿಯೂ ಮಾಸಿರಬಾರದು. ಉಂಗುರ ಒಂದೇ ಹದದಲ್ಲಿ ತಿರುಗಬೇಕು; ಗ್ರೀಸು ಒಣಗಿ ಬಿಗಿಯಾಗಿದ್ದರೆ ಹಕ್ಕಿ ಹಾರಿಹೋದ ಮೇಲೆ ಫೋಕಸ್ ಆಗುತ್ತದೆ. ಇನ್ನೊಂದು ಸೂಕ್ಷ್ಮ: ಇಂಥ ಕೆಲವು ಲೆನ್ಸುಗಳ ಹಿಂಬದಿಯಲ್ಲಿ ಕೂಡಿಸುವ ಸಣ್ಣ ಫಿಲ್ಟರು ಲೆನ್ಸಿನ ರಚನೆಯ ಅಂಗವೇ ಆಗಿರುತ್ತದೆ. ಅದು ಕಳೆದುಹೋಗಿದ್ದರೆ ಚಿತ್ರ ಹದಗೆಡುತ್ತದೆ. ನಮಗೆ ಅಂಗಡಿಯ ಮುದುಕರು ಅದನ್ನು ಬೇರೊಂದು ಡಬ್ಬಿಯಿಂದ ಹುಡುಕಿ ಕೊಟ್ಟರು.

ಲೆನ್ಸು ಕ್ಯಾಮೆರಾಕ್ಕೆ ಕೂಡುವ ಬಾಯಿಯ ವಿಷಯದಲ್ಲಿ ಎಡವುವವರು ಬಹಳ. ಹಳೆಯ ತಿರುಪಿನ ಬಾಯಿಗಳಲ್ಲಿ ಎರಡು ಬಗೆ. ಎಂ-೪೨ ಮತ್ತು ಟಿ ಎಂಬ ಇವೆರಡರ ಅಗಲವೂ ೪೨ ಮಿಲಿಮೀಟರೇ. ಆದರೆ ಮೊದಲನೆಯದರ ಸುತ್ತು ಒಂದು ಮಿಲಿಮೀಟರಿನದು, ಎರಡನೆಯದರದು ಮುಕ್ಕಾಲು ಮಿಲಿಮೀಟರಿನದು. ಒಂದನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಎರಡೂ ಕೆಡುತ್ತವೆ. ಕ್ಯಾನನ್ ಕಂಪನಿಯು ೧೯೮೭ರಲ್ಲಿ ತನ್ನ ಬಾಯಿಯನ್ನೇ ಬದಲಿಸಿದ್ದರಿಂದ ಅದರ ಹಳೆಯ ಎಫ್‌ಡಿ ಲೆನ್ಸುಗಳು ಬಹುಕಾಲ ಅನಾಥವಾಗಿದ್ದವು. ಒಳಗೆ ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಬಂದ ಮೇಲೆ, ಅವುಗಳಲ್ಲಿ ಬಾಯಿಗೂ ಸೆನ್ಸರಿಗೂ ನಡುವಣ ಅಂತರ ಬಹಳ ಕಡಿಮೆಯಾದ್ದರಿಂದ, ಸಾದಾ ಅಡಾಪ್ಟರ್ ಒಂದರ ನೆರವಿನಿಂದ ಎಲ್ಲ ಹಳೆಯ ಲೆನ್ಸುಗಳಿಗೂ ಮರುಜೀವ ಬಂತು. ನಮ್ಮ ಕ್ಯಾಮೆರಾವೂ ಅಂಥದೇ. ಲೆನ್ಸಿಲ್ಲದಿದ್ದರೂ ಷಟರು ಬೀಳುವಂತೆ ಮೆನುವಿನಲ್ಲಿ ಮೊದಲೇ ಅನುಮತಿ ಕೊಟ್ಟಿರಬೇಕು. ಇದನ್ನರಿಯದೆ ನಾವು ಅಂಗಡಿಯಲ್ಲಿ ಕಾಲು ಗಂಟೆ ಪೇಚಾಡಿದೆವು. ಕ್ಯಾಮೆರಾದೊಳಗೆ ನಡುಕ ತಡೆಯುವ ಏರ್ಪಾಡು ಇದ್ದರೆ ಅದಕ್ಕೆ ೫೦೦ ಎಂದು ಕೈಯಿಂದಲೇ ತಿಳಿಸಬೇಕು.

ಇನ್ನು ಬಳಕೆ. ೫೦೦ ಮಿಲಿಮೀಟರಿನ ಲೆನ್ಸನ್ನು ಕೈಯಲ್ಲಿ ಹಿಡಿದರೆ ಷಟರು ಸೆಕೆಂಡಿನ ಐನೂರರಲ್ಲೊಂದು ಭಾಗಕ್ಕಿಂತ ನಿಧಾನವಾಗಿರಬಾರದೆಂಬುದು ಹಳೆಯ ಸೂತ್ರ. ಚಿಕ್ಕ ಸೆನ್ಸರಿನ ಕ್ಯಾಮೆರಾಗಳಿಗೆ ಸಾವಿರದಲ್ಲೊಂದು ಭಾಗವೇ ಕ್ಷೇಮ. ಬಿಸಿಲಿದ್ದರೆ ಸರಿ, ಮೋಡವಿದ್ದರೆ ಐಎಸ್‌ಓ ಏರಿಸಬೇಕು, ಚಿತ್ರ ಮರಳು ಮರಳಾಗುತ್ತದೆ. ಇಪ್ಪತ್ತು ಮೀಟರು ದೂರದ ಹಕ್ಕಿಯನ್ನು ತೆಗೆಯುವಾಗ ಸ್ಪಷ್ಟವಾಗಿ ಮೂಡುವ ಆಳ ಅರ್ಧ ಮೀಟರಿನಷ್ಟೇ. ಉಂಗುರ ಕೂದಲೆಳೆ ಸರಿದರೂ ಕಣ್ಣು ಹೋಗಿ ಬಾಲ ಉಳಿಯುತ್ತದೆ. ಬೇಸಗೆಯಲ್ಲಿ ನಮ್ಮ ಎರೆ ಭೂಮಿ ಕಾದು, ಹೊತ್ತು ಒಂದಿಷ್ಟು ಏರಿತೆಂದರೆ ನೆಲದಿಂದೇಳುವ ಝಳದಲ್ಲಿ ದೂರದ ಚಿಗರಿಯ ಕಾಲುಗಳು ನೀರಿನಲ್ಲಿ ಅಲ್ಲಾಡಿದಂತೆ ಕಾಣುತ್ತವೆ. ಹತ್ತು ಲಕ್ಷದ ಲೆನ್ಸಿಗೂ ಈ ಝಳಕ್ಕೆ ಉಪಾಯವಿಲ್ಲ. ಬೆಳಗಿನ ಮೊದಲ ಒಂದೆರಡು ತಾಸುಗಳೇ ಗತಿ. ಸೂರ್ಯನ ಕಡೆಗೆ ಮಾತ್ರ ಈ ಲೆನ್ಸನ್ನು ಎಂದೂ ತಿರುಗಿಸಬಾರದು. ಕ್ಯಾಮೆರಾದ ಒಳಭಾಗ ಸುಟ್ಟೀತು, ನೇರವಾಗಿ ಇಣುಕಿದರೆ ಕಣ್ಣೇ ಹೋದೀತು.

ಈ ವಿದ್ಯೆಯನ್ನೆಲ್ಲ ಒಂದು ವರ್ಷ ಮನೆಯ ಮಾಳಿಗೆಯ ಮೇಲೆ ಸಾಧನೆ ಮಾಡಿದೆವು. ಬೇವಿನ ಮರದ ಕಾಗೆ, ವಿದ್ಯುತ್ ತಂತಿಯ ಮೇಲಿನ ನೀಲಕಂಠ, ಹುಣ್ಣಿಮೆಯ ಚಂದ್ರ. ಚಂದ್ರನ ಬಿಂಬ ಈ ಲೆನ್ಸಿನಲ್ಲಿ ನಾಲ್ಕೂವರೆ ಮಿಲಿಮೀಟರು. ಅದರಲ್ಲಿಯೇ ಕುಳಿಗಳು ಕಾಣುತ್ತವೆ. ಕಾರ್ತಿಕ ಹುಣ್ಣಿಮೆಯ ರಾತ್ರಿ ಓಣಿಯ ಮಕ್ಕಳೆಲ್ಲ ಸಾಲುಗಟ್ಟಿ ನಿಂತು ನೋಡಿದರು. ಮನೆಯವರೂ ಕೊನೆಗೆ ಬಂದು ನೋಡಿ, ಬಂಗಾರದ ಮಾತನ್ನು ಅಂದು ಎತ್ತಲಿಲ್ಲ.

೨೦೧೬ರ ಶ್ರಾವಣದಲ್ಲಿ, ಮಳೆ ಹೊಳವಾಗಿದ್ದ ಒಂದು ಮುಂಜಾನೆ, ಅಕ್ಕನ ಮಗನನ್ನು ಕರೆದುಕೊಂಡು ನಾನ್ನಜಕ್ಕೆ ಹೋದೆವು. ಅರಣ್ಯ ಇಲಾಖೆಯ ಅನುಮತಿ ಪಡೆದು, ಕಾವಲುಗಾರರೊಬ್ಬರ ಜೊತೆಯಲ್ಲಿ ವೀಕ್ಷಣೆಯ ಗೋಪುರ ಏರಿ ಕುಳಿತೆವು. ಎರೆಭೂತ ನೆಲದ ಮೇಲೆ ಒಂದೇ ಮೊಟ್ಟೆಯಿಡುವ ಕಾಲವದು. ಕೆಳಗಿಳಿದು ಹುಲ್ಲಿನಲ್ಲಿ ಹೆಜ್ಜೆ ಹಾಕಬಾರದು. ಉದ್ದ ಲೆನ್ಸಿನ ನಿಜವಾದ ಉಪಕಾರ ಇದೇ ಎನ್ನಬೇಕು. ಹಕ್ಕಿಗೆ ನಮ್ಮ ಇರವು ತಿಳಿಯದಷ್ಟು ದೂರದಲ್ಲಿ ಅದು ನಮ್ಮನ್ನು ಕೂಡಿಸುತ್ತದೆ. ಎರಡು ತಾಸು ಏನೂ ಇಲ್ಲ. ಚಿಗರಿಗಳು ಮೇಯುತ್ತ ಬಂದವು, ಹೋದವು. ಆಮೇಲೆ ಕಾವಲುಗಾರರು ಮಾತಿಲ್ಲದೆ ನಮ್ಮ ತೋಳು ಮುಟ್ಟಿದರು.

ಇನ್ನೂರು ಹೆಜ್ಜೆಗಳಾಚೆ, ಎದೆಯೆತ್ತರದ ಹುಲ್ಲಿನ ಹಿಂದೆ, ಬಿಳಿಯ ಕತ್ತು ಮೇಲೆದ್ದಿತ್ತು. ತಂದೆಯವರು ತೋರಿಸಿದ್ದಕ್ಕೂ ಇದಕ್ಕೂ ನಡುವೆ ಅರ್ಧ ಶತಮಾನ. ಕೈ ನಡುಗಿತೆಂದು ಹೇಳಲು ನಾಚಿಕೆಯಿಲ್ಲ. ನಮ್ಮ ಕ್ಯಾಮೆರಾದಲ್ಲಿ ಫೋಕಸ್ ಆದ ಭಾಗದ ಅಂಚುಗಳು ಕೆಂಪಾಗಿ ಮಿನುಗುವ ಸೌಕರ್ಯವಿದೆ. ಕೆಂಪು ಮಿನುಗಿತು, ಗುಂಡಿ ಒತ್ತಿದೆವು. ಹತ್ತು ಹನ್ನೆರಡು ಸಲ ಒತ್ತಿರಬೇಕು. ಹಕ್ಕಿ ನಿಧಾನವಾಗಿ ನಾಲ್ಕು ಹೆಜ್ಜೆ ನಡೆಯಿತು, ನಿಂತಿತು, ಅನಂತರ ಭಾರವಾದ ರೆಕ್ಕೆಗಳನ್ನು ಬಿಚ್ಚಿ ನಮಗೆ ಅಡ್ಡಲಾಗಿ ಹಾರಿತು. ಉಂಗುರವನ್ನು ತಿರುಗಿಸಿದೆವು. ಮಾರಿಹಾಕಿದ ಆ ಹಳೆಯ ಕೊಳವೆಯ ಉಂಗುರ ತಿರುಗುತ್ತಿದ್ದದ್ದು ಇದಕ್ಕೆ ವಿರುದ್ಧ ದಿಕ್ಕಿಗೆ. ಒಂದು ವರ್ಷದ ಸಾಧನೆ ಆ ಕ್ಷಣದಲ್ಲಿ ಮರೆತು ಬೆರಳು ಹಳೆಯ ದಿಕ್ಕಿಗೇ ಹೋಯಿತು. ಸರಿಪಡಿಸುವಷ್ಟರಲ್ಲಿ ಬಯಲು ಬರಿದು.

ಸಂಜೆ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆವು. ಕೆಂಪಾಗಿ ಮಿನುಗಿದ್ದು ಹಕ್ಕಿಯಲ್ಲ, ಅದರ ಮುಂದಿನ ಹುಲ್ಲಿನ ತೆನೆ. ಪ್ರತಿಯೊಂದು ಚಿತ್ರದಲ್ಲಿಯೂ ತೆನೆಗಳು ಎಣಿಸುವಷ್ಟು ಸ್ಪಷ್ಟ. ಹಿಂದೆ ಬೂದುಬಣ್ಣದ ಒಂದು ನೆರಳು. ಹಾರಿದ ಚಿತ್ರವಂತೂ ಒದ್ದೆ ಬಟ್ಟೆಯಿಂದ ಒರೆಸಿದಂತಿತ್ತು. ಹುಡುಗ ಬಹಳ ಹೊತ್ತು ನೋಡಿ, ಏನಾದರೂ ಒಳ್ಳೆಯ ಮಾತು ಆಡಬೇಕೆಂದು, "ಮಾಮಾ, ಹುಲ್ಲಂತೂ ಭಾಳ ಛಂದ ಬಂದದ" ಎಂದನು.

ದುಬಾರಿಯ ಲೆನ್ಸು ಇದ್ದಿದ್ದರೆ ಚಿತ್ರ ದಕ್ಕುತ್ತಿತ್ತೇ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಹುಲ್ಲಿನ ಹಿಂದೆ ನಿಂತಿದ್ದ ಹಕ್ಕಿಯ ಮಟ್ಟಿಗೆ ಅದೂ ತೆನೆಯನ್ನೇ ಹಿಡಿಯುವ ಸಂಭವವಿತ್ತು. ಹಾರುವ ಹಕ್ಕಿಯನ್ನು ಅದು ಬಿಡುತ್ತಿರಲಿಲ್ಲ ಎಂದೇ ನಮ್ಮ ಎಣಿಕೆ. ನಿಂತದ್ದು, ಕುಳಿತದ್ದು, ಮೇಯುವುದು, ನೀರಿನಲ್ಲಿ ನಿಧಾನವಾಗಿ ನಡೆಯುವುದು, ಚಂದ್ರ, ಗುಡಿಯ ಗೋಪುರದ ಕಲಶ, ಇವುಗಳಿಗೆ ನಮ್ಮ ಲೆನ್ಸು ಸಾಲುತ್ತದೆ. ಎರಗುವ ಗಿಡುಗಕ್ಕೂ, ಮೋಡದ ದಿನ ಮರದ ನೆರಳಿನಲ್ಲಿ ಕುಣಿಯುವ ಸಣ್ಣ ಹಕ್ಕಿಗೂ ಇದನ್ನು ಕೊಳ್ಳಬೇಡಿ. ಆ ಹನ್ನೊಂದು ಸಾವಿರವನ್ನು ಗಂಟು ಹಾಕಿಟ್ಟು ದೊಡ್ಡದಕ್ಕೆ ಕಾಯುವುದೇ ಮೇಲು. ಕೊಂಡರೆ ಒಂದನ್ನೇ ಕೊಂಡು, ಅದರ ಉಂಗುರದ ದಿಕ್ಕು ಬೆರಳಿಗೆ ಹತ್ತುವವರೆಗೆ ಇನ್ನೊಂದನ್ನು ಮುಟ್ಟಬೇಡಿ.

ಅಂದಿನಿಂದ ನಾವು ನಾನ್ನಜಕ್ಕೆ ಆರು ಸಲ ಹೋಗಿದ್ದೇವೆ. ಎರೆಭೂತ ಮತ್ತೆ ಕಾಣಲಿಲ್ಲ. ಗೋಡೆಯ ಮೇಲೆ ಆ ಹುಲ್ಲಿನ ಚಿತ್ರವೇ ಇದೆ. ಬಂದವರು ಇದೇನೆಂದು ಕೇಳಿದರೆ ಮನೆಯವರು ತೆನೆಗಳ ಹಿಂದಿನ ಬೂದು ನೆರಳಿಗೆ ಬೆರಳಿಟ್ಟು ತೋರಿಸುತ್ತಾರೆ. ಲೆನ್ಸು ಈಗ ಬಹುಪಾಲು ಅಕ್ಕನ ಮಗನ ಬಳಿಯಲ್ಲಿರುತ್ತದೆ. ಮೊನ್ನೆ ಅವನು ತಾಯಿಯ ಮಗ್ಗುಲಲ್ಲಿ ನಿಂತ ಚಿಗರಿಯ ಮರಿಯೊಂದರ ಚಿತ್ರ ಕಳಿಸಿದ್ದಾನೆ. ಅದರ ಕಣ್ಣಿನ ರೆಪ್ಪೆ ಕೂಡ ಕಾಣುತ್ತದೆ. ಬರುವ ಶ್ರಾವಣಕ್ಕೆ ಅನುಮತಿಯ ಅರ್ಜಿಯನ್ನು ಈಗಲೇ ಬರೆದಿಟ್ಟಿದ್ದೇವೆ. ಈ ಸಲ ಉಂಗುರ ತಿರುಗಿಸುವವನು ಅವನು.